ಪದವೀಧರನೂ ನಿರುದ್ಯೋಗ ಭತ್ಯೆಯೂ

ಪದವಿ ಪಡೆದು ಕೆಲಸವಿಲ್ಲದೆ ಮನೆಯಲ್ಲಿ ಕುಳಿತವನಿಗೆ ಸರ್ಕಾರ ತಿಂಗಳಿಗೆ 3000 ರೂಪಾಯಿ ಕೊಡುವುದು ಸರಿಯೆ? ಅಂತಿಮ ಬಿ.ಎ. ತರಗತಿಯಲ್ಲಿರುವ ನಮಗೆ ಇದು ಚರ್ಚಾಸ್ಪರ್ಧೆಯ ವಿಷಯ ಮಾತ್ರವಲ್ಲ. ಇನ್ನು ಕೆಲವೇ ತಿಂಗಳಲ್ಲಿ ನಮ್ಮ ಮನೆಬಾಗಿಲಿಗೇ ಬರುವ ವಿಷಯ. ಹಿರಿಯರನೇಕರು ಇದನ್ನು ಕೇಳಿದೊಡನೆ ‘ಬಿಟ್ಟಿ ಹಣ’ವೆಂದು ಮೂಗು ಮುರಿಯುತ್ತಾರೆ. ಹುಡುಗರು ಸೋಮಾರಿಗಳಾಗುವರೆಂಬುದು ಅವರ ಆಕ್ಷೇಪ. ನನಗೂ ಒಂದು ಆಕ್ಷೇಪವಿದೆ. ಆದರೆ ಅದು ಬೇರೆ.

ಕೆಲಸವಿಲ್ಲದವನಿಗೆ ಹಣ ಕೊಡುವ ಪದ್ಧತಿ ಹೊಸದೇನೂ ಅಲ್ಲ. ಬ್ರಿಟನ್ನಿನ 1911ರ ರಾಷ್ಟ್ರೀಯ ವಿಮಾ ಕಾಯ್ದೆಯು ಹಡಗು ಕಟ್ಟುವವರು, ಮನೆ ಕಟ್ಟುವವರು ಮೊದಲಾದ ಕೆಲವು ಕಸುಬಿನವರಿಗೆ ಕೆಲಸ ತಪ್ಪಿದಾಗ ವಾರಕ್ಕೆ 7 ಷಿಲಿಂಗಿನಂತೆ ವರ್ಷದಲ್ಲಿ 15 ವಾರಗಳವರೆಗೆ ಕೊಡುವ ಏರ್ಪಾಡು ಮಾಡಿತು. ಕೆಲಸಗಾರ, ಮಾಲೀಕ, ಸರ್ಕಾರ ಮೂವರೂ ಅದಕ್ಕೆ ವಂತಿಗೆ ಹಾಕುತ್ತಿದ್ದರು. ನಮ್ಮ ದೇಶದಲ್ಲಿ ಇ.ಎಸ್.ಐ.ಯ ಆಶ್ರಯದಲ್ಲಿ 2018ರಲ್ಲಿ ಬಂದ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆಯೂ ಇದೇ ಜಾತಿಯದು. ಕೆಲಸ ಕಳೆದುಕೊಂಡವನಿಗೆ 90 ದಿನಗಳವರೆಗೆ ಸರಾಸರಿ ಕೂಲಿಯ ಶೇಕಡಾ 25ರಷ್ಟು ಸಿಗುತ್ತಿತ್ತು. 2020ರಲ್ಲಿ ಅದನ್ನು 50ಕ್ಕೆ ಏರಿಸಿದರು. ಆದರೆ ಕೆಲಸ ಕಳೆದುಕೊಳ್ಳಬೇಕಾದರೆ ಮೊದಲು ಕೆಲಸವಿರಬೇಕಷ್ಟೆ! ಕಾಲೇಜಿನಿಂದ ಈಗ ತಾನೇ ಹೊರಬಿದ್ದವನಿಗೆ ವಿಮೆಯಲ್ಲಿ ಜಾಗವಿಲ್ಲ.

ಅಂಥವರಿಗಾಗಿ ಕರ್ನಾಟಕ ಸರ್ಕಾರ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ‘ಯುವನಿಧಿ’ಯನ್ನು ಆರಂಭಿಸಿತು. ಪದವೀಧರರಿಗೆ 3000, ಡಿಪ್ಲೊಮಾದವರಿಗೆ 1500. ಫಲಿತಾಂಶ ಬಂದು 180 ದಿನ ಕಳೆದರೂ ಕೆಲಸ ಸಿಕ್ಕದಿದ್ದರೆ, ಹೆಚ್ಚೆಂದರೆ ಎರಡು ವರ್ಷ. ಸೇವಾಸಿಂಧುವಿನ ಮೂಲಕ ಅರ್ಜಿ ಹಾಕಬೇಕು. ತನಗಿನ್ನೂ ಕೆಲಸವಿಲ್ಲವೆಂದು ಸ್ವಯಂಘೋಷಣೆಯನ್ನೂ ಕೊಡುತ್ತಿರಬೇಕು.

ಇದರಿಂದ ಸೋಮಾರಿತನ ಬೆಳೆಯುವುದೆಂಬುದನ್ನು ನಾನು ಒಪ್ಪಲಾರೆ. ದಿನಕ್ಕೆ ನೂರು ರೂಪಾಯಿ! ಆ ಹಣಕ್ಕೆ ನಮ್ಮೂರಿನಲ್ಲಿ ಕಳೆ ಕೀಳಲೂ ಯಾರೂ ಬರುವುದಿಲ್ಲ. ಪರೀಕ್ಷೆಯ ಅರ್ಜಿಶುಲ್ಕಕ್ಕೆ, ಬೆಂಗಳೂರಿಗೆ ಹೋಗಿಬರುವ ಬಸ್ ಚಾರ್ಜಿಗೆ ಮನೆಯವರ ಮುಂದೆ ಕೈಯೊಡ್ಡುವುದು ತಪ್ಪಿದರೆ ಅದೇ ದೊಡ್ಡ ಮಾತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನನ್ನ ತಂದೆಯವರಿಗೆ ಕೂಲಿ ಸಿಕ್ಕದ ದಿನಗಳು ಎಷ್ಟೋ ಇವೆ. ಅವರನ್ನು ಯಾರೂ ‘ನಿರುದ್ಯೋಗಿ’ ಎಂದು ಕರೆದದ್ದಿಲ್ಲ. ಕೆಲಸ ಕೇಳಿದವನಿಗೆ 15 ದಿನಗಳೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡತಕ್ಕದ್ದೆಂದು 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಬರೆದಿತ್ತು. ನಮ್ಮ ಕೇರಿಯಲ್ಲಿ ಅದನ್ನು ಪಡೆದವರೊಬ್ಬರನ್ನೂ ನಾನು ಕಾಣೆ. ಪದವಿ ಬಂದ ಮೇಲೆಯೇ ನಮ್ಮ ಮನೆಗೆ ಆ ಹೆಸರೂ ಹಣವೂ ಬರಬೇಕಾಗಿದೆ.

ಇನ್ನು ನನ್ನ ಆಕ್ಷೇಪ. ಉನ್ನತ ವಿದ್ಯಾಭ್ಯಾಸಕ್ಕೆ ಸೇರಿದವರಿಗೆ ಯುವನಿಧಿಯಿಲ್ಲ. ಓದುತ್ತಿರುವವನು ಕೆಲಸ ಹುಡುಕುತ್ತಿಲ್ಲವಾದ್ದರಿಂದ ಅವನು ನಿರುದ್ಯೋಗಿಯಲ್ಲ ಎಂಬ ತರ್ಕ ಕಾಗದದ ಮೇಲೆ ಸರಿಯಾಗಿಯೇ ಇದೆ. ಆದರೆ ಎಂ.ಎ.ಯೂ ಎರಡು ವರ್ಷ, ನಿಧಿಯೂ ಎರಡು ವರ್ಷ. ಪೂರ್ತಿ ಸಿಕ್ಕಿದರೆ 72,000 ರೂಪಾಯಿ. ಉಳ್ಳವರ ಮಗ ಈ ಲೆಕ್ಕವನ್ನು ನೋಡುವುದೇ ಇಲ್ಲ. ನೆಟ್ಟಗೆ ವಿಶ್ವವಿದ್ಯಾನಿಲಯಕ್ಕೆ ಹೋಗುತ್ತಾನೆ. ಕೂಲಿಯವನ ಮಗ ಓದಲು ಹೊರಟರೆ ಫೀಜನ್ನೂ ಕಟ್ಟಬೇಕು, ಬರುವ ಹಣವನ್ನೂ ಬಿಡಬೇಕು. ವಿದ್ಯಾರ್ಥಿವೇತನವಿದೆಯಲ್ಲ ಎಂದು ಅಧ್ಯಾಪಕರು ಹೇಳಬಹುದು. ಅದು ಕೆಲವೊಮ್ಮೆ ಪರೀಕ್ಷೆ ಮುಗಿದ ಮೇಲೆ ಕೈಸೇರುವುದನ್ನು ವಿದ್ಯಾರ್ಥಿನಿಲಯದಲ್ಲಿರುವ ನಾವೆಲ್ಲ ಬಲ್ಲೆವು.

ಇಡೀ ಹಣವನ್ನೇ ಕೊಡಿರೆಂದು ನಾನು ಕೇಳುವುದಿಲ್ಲ. ಬಡ ಕುಟುಂಬದಿಂದ ಬಂದು ಸ್ನಾತಕೋತ್ತರ ತರಗತಿಗೆ ಸೇರಿದವನಿಗೆ ಅರ್ಧದಷ್ಟನ್ನಾದರೂ ತಿಂಗಳು ತಿಂಗಳು ತಪ್ಪದೆ ಕೊಡಲಿ. ಮನೆಯಲ್ಲಿ ಕುಳಿತರೆ 3000, ಓದಿದರೆ ಸೊನ್ನೆ ಎಂಬ ನಿಯಮವನ್ನು ತಿದ್ದಲಿ.

ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಬೇಕೆಂಬುದು ನನ್ನ ಆಸೆ. ತಂಗಿ ಪಿ.ಯು.ಸಿ.ಯಲ್ಲಿದ್ದಾಳೆ, ಆ ಮೂರು ಸಾವಿರ ಅವಳ ಫೀಜಿಗೂ ಪುಸ್ತಕಕ್ಕೂ ಆದೀತೆಂದು ಅವ್ವ ಆಗಲೇ ಲೆಕ್ಕ ಹಾಕಿಟ್ಟಿದ್ದಾಳೆ. ಬೇಸಿಗೆ ಕಳೆದ ಮೇಲೆ ಯಾವ ಅರ್ಜಿಯನ್ನು ತುಂಬುವೆನೆಂದು ನಾನು ಈಗ ಹೇಳಲಾರೆ.