ಶಾಯಿ ಮೈಸೂರಿನದು, ಕಾವಲು ಯಾರದು?

ಮೈಸೂರಿನ ಶಾಯಿ ಘಾನಾಕ್ಕೆ ಹೋಗಿದೆ, ನೈಜೀರಿಯಾಕ್ಕೆ ಹೋಗಿದೆ, ದಕ್ಷಿಣ ಆಫ್ರಿಕಾಕ್ಕೆ ಹೋಗಿದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಈ ಸೀಮೆಯ ಕಾಡುಗಳ ಅರಗನ್ನು ಬಳಸಿಕೊಳ್ಳಲೆಂದು ಹುಟ್ಟಿದ ಕಾರ್ಖಾನೆಯೇ ಇವತ್ತಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರಿಂದ ದೇಶದ ಮಹಾಚುನಾವಣೆಗಳಿಗೆಲ್ಲ ಅಳಿಸಲಾಗದ ಶಾಯಿ ಅಲ್ಲಿಂದಲೇ. ನಮೀಬಿಯಾ 2014ರಲ್ಲಿ ಆಫ್ರಿಕಾದಲ್ಲೇ ಮೊದಲ ಬಾರಿಗೆ ಮತಯಂತ್ರದಲ್ಲಿ ಮತ ಹಾಕಿತಲ್ಲ, ಆ ಯಂತ್ರಗಳು ಬೆಂಗಳೂರಿನ ಬಿಇಎಲ್‌ನವು. ಇನ್ನೂ ಹಿಂದಕ್ಕೆ ಹೋದರೆ, 1953ರಲ್ಲಿ ಸುಡಾನ್ ದೇಶದ ಮೊದಲ ಸಂಸತ್ ಚುನಾವಣೆ ನಡೆಸಿಕೊಟ್ಟ ಆಯೋಗದ ಅಧ್ಯಕ್ಷರು ನಮ್ಮ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್.

ಹೀಗೆ ಆಫ್ರಿಕಾದ ಮತಕ್ಕೆ ಶಾಯಿ ಕೊಟ್ಟವರು, ಯಂತ್ರ ಕೊಟ್ಟವರು, ಹಿರಿಯರಾಗಿ ಕೂತು ಚುನಾವಣೆ ಮಾಡಿಸಿದವರು ನಾವು. ಅದಕ್ಕೇ ಕೇಳುತ್ತೇನೆ: ಹೆಗ್ಗಡದೇವನಕೋಟೆಯ ಬುಡಕಟ್ಟು ಹಾಡಿಯ ಮತವನ್ನು ಕಾಯುವವರು ಯಾರು?

2024ರ ಲೋಕಸಭಾ ಚುನಾವಣೆ ನೋಡಲು 23 ದೇಶಗಳಿಂದ 75 ಮಂದಿ ಬಂದರು. ಜಿಂಬಾಬ್ವೆ, ನಮೀಬಿಯಾ, ಮಡಗಾಸ್ಕರ್, ಟುನೀಷಿಯಾದವರೂ ಅವರಲ್ಲಿದ್ದರು. ಅವರನ್ನು ಕರೆದೊಯ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅವರು ಬಂದದ್ದು ಮೇ 7ರ ಹಂತಕ್ಕೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳು ಏಪ್ರಿಲ್ 26ಕ್ಕೇ ಮತ ಹಾಕಿ ಮುಗಿಸಿದ್ದವು. ಮುಂಚೆಯೇ ಬಂದು ಕೋಟೆಯ ಕಡೆ ಹೊರಟಿದ್ದರೂ ಅವರಿಗೆ ಕಾಣಿಸುತ್ತಿದ್ದದ್ದು ನಾವು ತೋರಿಸಿದ್ದು ಮಾತ್ರ. ಏಕೆಂದರೆ ಈ ದೇಶ ವಿದೇಶಿಯರನ್ನು ಅತಿಥಿಗಳಾಗಿ ಕರೆಯುತ್ತದೆಯೇ ಹೊರತು, ತಪ್ಪು ಹಿಡಿದು ವರದಿ ಬರೆಯುವ ಹಕ್ಕು ಕೊಟ್ಟು ಕರೆಯುವುದಿಲ್ಲ. ವಿದೇಶಿ ವೀಕ್ಷಕರು ಬಂದರೆ ಆಫ್ರಿಕಾದ ಬಡ ದೇಶಕ್ಕೆ ಪರೀಕ್ಷೆ, ನಮಗೆ ಪ್ರದರ್ಶನ. ಈ ತಾರತಮ್ಯವನ್ನು ನಾವು ದೇಶದ ಘನತೆ ಎಂದು ಒಪ್ಪಿಕೊಂಡು ಕೂತಿದ್ದೇವೆ.

ಆ ಏಪ್ರಿಲ್‌ನಲ್ಲಿ ಚುನಾವಣಾ ಆಯೋಗ ಹೆಮ್ಮೆಯಿಂದ ಹೇಳಿಕೊಂಡಿತು: ಕರ್ನಾಟಕದ ಜೇನುಕುರುಬ ಮತ್ತು ಕೊರಗ ಸಮುದಾಯಗಳಲ್ಲಿ 18 ತುಂಬಿದ 39,498 ಮಂದಿಯ ಹೆಸರೂ ಪಟ್ಟಿಗೆ ಸೇರಿದೆ, ಬುಡಕಟ್ಟು ಶೈಲಿಯಲ್ಲಿ ಸಿಂಗರಿಸಿದ 40 ಮತಗಟ್ಟೆಗಳು ಸಿದ್ಧವಾಗಿವೆ. ಹೆಸರು ಸೇರಿಸಿದ್ದು ಒಳ್ಳೆಯ ಕೆಲಸ, ಅಲ್ಲಗಳೆಯುವುದಿಲ್ಲ. ಆದರೆ ಆ ಸಿಂಗಾರ ನೆನೆದರೆ ಹೊಟ್ಟೆ ಉರಿಯುತ್ತದೆ. ನಾಗರಹೊಳೆಯೊಳಗಿನ ನಿಜವಾದ ಗುಡಿಸಲುಗಳನ್ನು ಕೀಳಿಸಿ ಜನರನ್ನು ಕಾಡಿನ ಹೊರಗೆ ತಳ್ಳಿದ ಸರ್ಕಾರವೇ, ಮತದಾನದ ಒಂದು ದಿನಕ್ಕೆ ಶಾಲೆಯ ಮುಂದೆ ಸುಳ್ಳು ಗುಡಿಸಲು ಕಟ್ಟುತ್ತದೆ! ಹೈಕೋರ್ಟ್ ನೇಮಿಸಿದ ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ನಾಗರಹೊಳೆಯಿಂದ ಒಕ್ಕಲೆಬ್ಬಿಸಲಾದ 3,418 ಕುಟುಂಬಗಳನ್ನು ಲೆಕ್ಕ ಹಾಕಿ ಸರ್ಕಾರದ ಮುಂದಿಟ್ಟಿತು. ವರದಿ ಬಂದ ಮೇಲೆ ಎರಡು ಲೋಕಸಭಾ ಚುನಾವಣೆ ಆಗಿವೆ, ಎರಡು ವಿಧಾನಸಭಾ ಚುನಾವಣೆ ಆಗಿವೆ. ಪ್ರತಿ ಸಲವೂ ಆ ಕುಟುಂಬಗಳ ಬಾಗಿಲಿಗೆ ಮತ ಕೇಳಲು ಬಂದವರಿದ್ದಾರೆ. ಆ ವರದಿಯನ್ನು ಪೂರ್ತಿ ಜಾರಿ ಮಾಡಿದವರು ಯಾವ ಪಕ್ಷದಲ್ಲೂ ಇಲ್ಲ, ಅರ್ಥಾತ್ ಎಲ್ಲ ಪಕ್ಷಗಳೂ ಈ ಪಾಪದ ಪಾಲುದಾರರೇ. ಕೋಟೆ ಕ್ಷೇತ್ರ 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲು. ಇವತ್ತಿನವರೆಗೆ ಒಬ್ಬ ಜೇನುಕುರುಬ ಅಲ್ಲಿಂದ ವಿಧಾನಸಭೆಯ ಮೆಟ್ಟಿಲು ಹತ್ತಿಲ್ಲ.

ನಮ್ಮಲ್ಲಿ ವೀಕ್ಷಕರೇ ಇಲ್ಲವೆಂದಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 20ಬಿ ಕಲಂ ಅವರಿಗೆ ಮತ ಎಣಿಕೆಯನ್ನೇ ನಿಲ್ಲಿಸುವ ಅಧಿಕಾರ ಕೊಟ್ಟಿದೆ. ಹೊರರಾಜ್ಯದ ಅಧಿಕಾರಿಗಳು ಬರುತ್ತಾರೆ: ಸಾಮಾನ್ಯ ವೀಕ್ಷಕರು, ವೆಚ್ಚ ವೀಕ್ಷಕರು, ಪೊಲೀಸ್ ವೀಕ್ಷಕರು. ಕನ್ನಡ ಬಾರದವರು ಹಾಡಿಯ ಯಜಮಾನನ ಮಾತು ಕೇಳಬೇಕಾದರೆ ಪಕ್ಕದಲ್ಲಿ ನಿಂತ ಸ್ಥಳೀಯ ಅಧಿಕಾರಿಯೇ ಬಾಯಿ ಕೊಡಬೇಕು. ಯಾರ ಮೇಲೆ ದೂರು ಇದೆಯೋ ಅವರ ಬಾಯಿಂದಲೇ ದೂರು ಕೇಳಿಸಿಕೊಳ್ಳುವುದು ಎಂಥ ನ್ಯಾಯ? ಚೆಕ್‌ಪೋಸ್ಟಿನಲ್ಲಿ ರೈತನ ಜೇಬಿನ ದುಡ್ಡು ಎಣಿಸುತ್ತಾರೆ. ಮತದಾನದ ಮುಂಚಿನ ರಾತ್ರಿ ಹಾಡಿಗೆ ಇಳಿಯುವ ಹೆಂಡ, ಬಾಡೂಟ, ಸೀರೆ, ನೋಟು ಊರಿಗೆಲ್ಲ ಗೊತ್ತಿರುತ್ತದೆ. ಕೊಡಗಿನ ಕಾಫಿ ತೋಟದ ಲೈನ್ ಮನೆಗಳಲ್ಲಿ ಮುಂಗಡದ ಸಾಲಕ್ಕೆ ಕಟ್ಟುಬಿದ್ದ ಕೂಲಿಯವರು ಮತದಾನಕ್ಕೆ ಊರಿಗೆ ಬರಬೇಕೋ ಬೇಡವೋ ಎಂಬುದು ತೋಟದ ರೈಟರ್ ಕೈಲಿರುತ್ತದೆ. ಇದು ಯಾವ ವೀಕ್ಷಕರ ನಮೂನೆಯಲ್ಲಿ ಬರುತ್ತದೆ?

ಆಫ್ರಿಕಾಕ್ಕೆ ಬನ್ನಿ. ನಮ್ಮ ಹೊಗೆಸೊಪ್ಪಿನ ಬೆಳೆಗಾರರಿಗೆ ಮಲಾವಿ ಹೊಸ ಹೆಸರಲ್ಲ. ಆ ದೇಶವೂ ಹೊಗೆಸೊಪ್ಪು ಮಾರಿಯೇ ಬದುಕುತ್ತದೆ, ವಿಶ್ವ ಮಾರುಕಟ್ಟೆಯಲ್ಲಿ ನಮ್ಮ ಸೊಪ್ಪಿಗೂ ಅವರ ಸೊಪ್ಪಿಗೂ ಪೈಪೋಟಿ. ಅಲ್ಲಿ 2019ರ ಮೇ 21ರಂದು ಅಧ್ಯಕ್ಷೀಯ ಚುನಾವಣೆ ನಡೆಯಿತು. ಐರೋಪ್ಯ ಒಕ್ಕೂಟ, ಆಫ್ರಿಕನ್ ಒಕ್ಕೂಟ, ಕಾಮನ್‌ವೆಲ್ತ್ ಎಲ್ಲ ಕಡೆಯಿಂದ ವೀಕ್ಷಕರು ಇಳಿದರು. ಒಟ್ಟಾರೆ ಚೆನ್ನಾಗಿ ನಡೆದಿದೆ ಎಂಬ ಮೊದಲ ಮಾತು ಹೇಳಿ ವಿಮಾನ ಹತ್ತಿದರು. ಎಣಿಕೆಯ ಹಾಳೆಗಳ ಮೇಲೆ ಬಿಳಿ ಬಣ್ಣ ಬಳಿದು ಅಂಕಿ ತಿದ್ದಿದ್ದನ್ನು ಮಲಾವಿಯ ಜನ ಬಿಡಲಿಲ್ಲ. ತಿಂಗಳುಗಟ್ಟಲೆ ಬೀದಿಯಲ್ಲಿ ನಿಂತರು. ಗುಂಡು ತಾಗದ ಕವಚ ತೊಟ್ಟು, ಸೈನಿಕರ ಕಾವಲಲ್ಲಿ ಕೋರ್ಟಿಗೆ ಬಂದ ಐವರು ನ್ಯಾಯಾಧೀಶರು 2020ರ ಫೆಬ್ರವರಿ 3ರಂದು ಆ ಚುನಾವಣೆಯನ್ನೇ ರದ್ದು ಮಾಡಿದರು. ಜೂನ್ 23ಕ್ಕೆ ಮರುಚುನಾವಣೆ. ಆಗ ಕೊರೋನಾ, ಹೊರಗಿನ ದೊಡ್ಡ ವೀಕ್ಷಕ ತಂಡಗಳಿಗೆ ಬರಲಾಗಲಿಲ್ಲ. ಜನರೇ ಕಾದರು. ಅಧಿಕಾರದಲ್ಲಿದ್ದ ಅಧ್ಯಕ್ಷ ಸೋತು, ಲಾಜರಸ್ ಚಕ್ವೇರಾ ಗೆದ್ದರು.

ಹೊರಗಿನ ಕಣ್ಣು ಒಪ್ಪಿದ ಚುನಾವಣೆ ಬಿತ್ತು, ಒಳಗಿನ ಕಣ್ಣು ಕಾದ ಚುನಾವಣೆ ನಿಂತಿತು. ಅದಕ್ಕೆ ಮೂರು ವರ್ಷ ಮುಂಚೆ, 2017ರಲ್ಲಿ ಕೆನ್ಯಾದಲ್ಲೂ ಹೀಗೇ ಆಗಿತ್ತು. ವಿದೇಶಿ ವೀಕ್ಷಕರು ಮೆಚ್ಚಿಕೊಂಡ ಆಗಸ್ಟ್ 8ರ ಮತದಾನವನ್ನು ಆ ದೇಶದ ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 1ಕ್ಕೆ ರದ್ದು ಮಾಡಿತು.

ಇನ್ನು ಹುಣಸೂರು. ದೇವರಾಜ ಅರಸರ ಊರಿನ ಸೀಮೆ ಇದು. 2018ರಲ್ಲಿ ಇಲ್ಲಿನ ಜನ ಜೆಡಿಎಸ್‌ನ ಎಚ್. ವಿಶ್ವನಾಥ್ ಅವರನ್ನು ಗೆಲ್ಲಿಸಿದರು. ವರ್ಷ ತುಂಬಿ ಎರಡು ತಿಂಗಳಾಗುವಷ್ಟರಲ್ಲಿ ಅವರು ರಾಜೀನಾಮೆ ಕೊಟ್ಟವರ ಗುಂಪಿನಲ್ಲಿದ್ದರು, ಮುಂಬೈ ಹೋಟೆಲಿನಲ್ಲಿದ್ದರು. ಸರ್ಕಾರ ಬಿತ್ತು, ಇನ್ನೊಂದು ಸರ್ಕಾರ ಎದ್ದಿತು. ಬೂತಿನ ಬಾಗಿಲಲ್ಲಿ ಒಬ್ಬ ಮುದುಕಿಯ ಬೆರಳಿನ ಗುರುತು ಪರೀಕ್ಷಿಸಿದ ವ್ಯವಸ್ಥೆ, ಇಡೀ ಕ್ಷೇತ್ರದ ಮತ ಇನ್ನೊಂದು ಪಕ್ಷದ ಪಾಲಾದಾಗ ಎಲ್ಲಿ ಹೋಗಿತ್ತು? ಆ ಹೋಟೆಲಿನ ಬಾಗಿಲಲ್ಲಿ ವೆಚ್ಚ ವೀಕ್ಷಕರು ನಿಂತಿದ್ದರೇ? ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಬಿಟ್ಟಿತು. 2019ರ ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಹುಣಸೂರಿನ ಮತದಾರರೇ ತೀರ್ಪು ಕೊಟ್ಟರು, ಬಿಜೆಪಿಯಿಂದ ನಿಂತ ವಿಶ್ವನಾಥ್ ಅವರನ್ನು ಸೋಲಿಸಿದರು. ಮಲಾವಿಯ ಬೀದಿಯಲ್ಲಿ ಎದ್ದ ಸ್ವಾಭಿಮಾನ ಇಲ್ಲೂ ಇದೆ. ಆದರೆ ಆ ಉಪಚುನಾವಣೆಯಲ್ಲಿ ರಾಜ್ಯದ 15 ಕ್ಷೇತ್ರಗಳ ಪೈಕಿ 12 ಪಕ್ಷಾಂತರಿಗಳ ಪಕ್ಷದ ಪಾಲಾದವು ಎಂಬುದನ್ನೂ ಮರೆಯಬೇಡಿ.

ಈಗ ಕಳ್ಳತನ ಇನ್ನೂ ಮುಂಚಿತವಾಗಿಯೇ ಶುರುವಾಗುತ್ತಿದೆ, ಪಟ್ಟಿಯಲ್ಲೇ. 2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆದಾಗ ಕರಡಿನಲ್ಲಿ ಸುಮಾರು 65 ಲಕ್ಷ ಹೆಸರು ಇರಲಿಲ್ಲ. ಅಲ್ಲಿ ಕೇಳಿದ 11 ದಾಖಲೆಗಳಲ್ಲಿ ಅರಣ್ಯ ಹಕ್ಕು ಪತ್ರವೂ ಒಂದು. ಯೋಚಿಸಿ ನೋಡಿ: 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ, ಅದು ತಿರಸ್ಕಾರವಾಗಿ, ಮತ್ತೆ ಹಾಕಿ, ಮತ್ತೆ ತಿರಸ್ಕಾರವಾಗಿ ಕೈಚೆಲ್ಲಿ ಕೂತ ಹಾಡಿಯವನ ಕೈಲಿ ಯಾವ ಕಾಗದ ಇದೆ? ಹಕ್ಕುಪತ್ರ ಕೊಡದವರು ನಾಳೆ ಅದೇ ಹಕ್ಕುಪತ್ರ ತಾ ಎಂದರೆ ಭೂಮಿಯೂ ಹೋಯಿತು, ಮತವೂ ಹೋಯಿತು. ಕಬಿನಿ ಅಣೆಕಟ್ಟೆಯ ನೀರಿನಲ್ಲಿ ಒಂದು ಸಲ, ಹುಲಿ ಯೋಜನೆಯಲ್ಲಿ ಇನ್ನೊಂದು ಸಲ ಮನೆ ಕಳೆದುಕೊಂಡವರಿಗೆ ಮೂರನೇ ಸಲ ಹೆಸರೇ ಕಳೆದುಹೋಗುವ ಅಪಾಯ ಇದು.

ಅದಕ್ಕೆ ನನ್ನ ಮಾತು ಹಾಡಿಯ ಯಜಮಾನರಿಗೆ, ಹೆಣ್ಣುಮಕ್ಕಳಿಗೆ, ಓದಿಕೊಂಡ ಹುಡುಗ ಹುಡುಗಿಯರಿಗೆ. ದೆಹಲಿಯ ವೀಕ್ಷಕರಿಗೆ ಕಾಯಬೇಡಿ, ವಿದೇಶದ ಅತಿಥಿಗಳಿಗೂ ಕಾಯಬೇಡಿ. ಅರಣ್ಯ ಹಕ್ಕು ಕಾಯ್ದೆ ನಿಮ್ಮ ಗ್ರಾಮಸಭೆಗೆ ಅಧಿಕಾರ ಕೊಟ್ಟಿದೆ. ಆ ಸಭೆ ಕರೆಯಿರಿ. ಮತಗಟ್ಟೆ ಮಟ್ಟದ ಅಧಿಕಾರಿಯನ್ನು (ಬಿಎಲ್‌ಒ) ಕೂರಿಸಿಕೊಂಡು ಮತದಾರರ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿ, ಪಕ್ಕದಲ್ಲೇ ಹಕ್ಕುಪತ್ರದ ಅರ್ಜಿಗಳ ಪಟ್ಟಿಯನ್ನೂ ಓದಿಸಿ. ಯಾರ ಹೆಸರು ಬಿಟ್ಟಿದೆ, ಯಾರ ಅರ್ಜಿ ಯಾಕೆ ತಿರಸ್ಕಾರವಾಯಿತು ಎಂದು ನಡಾವಳಿಯಲ್ಲಿ ಬರೆಸಿ, ಹೆಬ್ಬೆಟ್ಟು ಒತ್ತಿ, ಪ್ರತಿ ಇಟ್ಟುಕೊಳ್ಳಿ. ಮುಂದಿನ ಸಲ ಮತ ಕೇಳಲು ಬಂದವನ ಮುಂದೆ ಮೊದಲು ಅದನ್ನು ಇಡಿ, ಉತ್ತರ ಕೊಡದವನನ್ನು ಹಾಡಿಯ ಒಳಗೆ ಬಿಡಬೇಡಿ.