ಕಣ್ಣಂದಾಜಿನ ವ್ಯಾಪಾರಕ್ಕೆ ಬೇಕು ಅಳತೆಯ ಚೀಟಿ

ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ನಿಂತ ಮರದ ವ್ಯಾಪಾರ ಹೇಗೆ ನಡೆಯುತ್ತದೆಂಬುದನ್ನು ನಮ್ಮ ಸದಸ್ಯ ಬಾಂಧವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ವ್ಯಾಪಾರಿಯು ತೋಟಕ್ಕೆ ಬರುತ್ತಾನೆ. ಮರವನ್ನು ಒಂದು ಸುತ್ತು ಹಾಕುತ್ತಾನೆ. ಬುಡವನ್ನು ತಟ್ಟಿ ನೋಡುತ್ತಾನೆ. ಕತ್ತೆತ್ತಿ ಕೊಂಬೆಗಳ ಕಡೆಗೊಮ್ಮೆ ದೃಷ್ಟಿ ಹಾಯಿಸಿ 'ಒಟ್ಟು ಇಷ್ಟು' ಎಂದು ಒಂದು ಮೊತ್ತ ಹೇಳುತ್ತಾನೆ. ರೈತನು ಅದರ ಮೇಲೆ ಮತ್ತಷ್ಟು ಕೇಳುತ್ತಾನೆ. ನಡುವೆ ಎಲ್ಲಿಯೋ ಬೆಲೆ ಕುದುರುತ್ತದೆ, ಮುಂಗಡ ಕೊಟ್ಟದ್ದಾಗುತ್ತದೆ. ಇಷ್ಟೂ ಹೊತ್ತು ಯಾರೂ ಟೇಪು ಹಿಡಿದಿರುವುದಿಲ್ಲ. ಕಾಗದದ ಮೇಲೆ ಒಂದಂಕಿಯನ್ನೂ ಬರೆದಿರುವುದಿಲ್ಲ.

ತುಮಕೂರಿನ ಕೃಷಿ ಮಾರುಕಟ್ಟೆಯ ಪ್ರಾಂಗಣದಲ್ಲಿ ಹುಣಸೆಹಣ್ಣನ್ನು ತೂಕ ಮಾಡದೆ ಕೊಳ್ಳುವ ವರ್ತಕರಿಲ್ಲ. ಅದೇ ಹುಣಸೆಯ ಮರವನ್ನು, ಹಲಸಿನ ಮರವನ್ನು, ನೀಲಗಿರಿಯ ತೋಪನ್ನು ಮಾತ್ರ ಕಣ್ಣಂದಾಜಿನಲ್ಲಿ ಕೊಳ್ಳುವುದು ನಮಗೆ ಸಹಜವಾಗಿ ತೋರುತ್ತದೆ. ಈ ರೂಢಿಯಿಂದ ನಷ್ಟವಾಗುವುದು ರೈತನಿಗೊಬ್ಬನಿಗೇ ಎಂಬ ಭಾವನೆ ಸಾಮಾನ್ಯವಾಗಿದೆ. ಮರ ಕೊಯ್ಯುವ ಮಿಲ್ಲುಗಳ, ಪ್ಯಾಕಿಂಗ್ ಪೆಟ್ಟಿಗೆ ಹಾಗೂ ಪೀಠೋಪಕರಣ ತಯಾರಿಸುವ ಸಣ್ಣ ಘಟಕಗಳ ಲೆಕ್ಕಪತ್ರಗಳನ್ನು ಹಲವು ವರ್ಷಗಳಿಂದ ಪರಿಶೀಲಿಸುತ್ತ ಬಂದಿರುವ ನನ್ನ ಅಭಿಪ್ರಾಯ ಬೇರೆ. ಅಳತೆಯಿಲ್ಲದ ವ್ಯಾಪಾರದಲ್ಲಿ ಕೊಟ್ಟವನಿಗೂ ಕೊಂಡವನಿಗೂ ತಾವು ಮಾಡಿದ್ದೇನೆಂಬುದು ತಿಳಿದಿರುವುದಿಲ್ಲ. ಆದುದರಿಂದ ಬೆಲೆ ನಿಗದಿಯಾಗುವ ಮೊದಲೇ ಅಳತೆಯು ಕಾಗದದ ಮೇಲೆ ಬರಬೇಕು. ಅದು ಯಾವ ಸೂತ್ರದ ಅಳತೆ ಎಂಬುದೂ ಜೊತೆಗೆ ಬರಬೇಕು. ಇಷ್ಟನ್ನು ಒತ್ತಿ ಹೇಳುವುದೇ ಈ ಲೇಖನದ ಉದ್ದೇಶ.

ಒಂದೇ ಮರ, ಮೂರು ಲೆಕ್ಕ

ಉದಾಹರಣೆಗೆ ಒಂದು ಸಿಲ್ವರ್ ಓಕ್ ಮರವನ್ನು ತೆಗೆದುಕೊಳ್ಳೋಣ. ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ ಅದರ ಸುತ್ತಳತೆ 120 ಸೆಂ.ಮೀ. ಎಂದಿಟ್ಟುಕೊಳ್ಳಿ. ಅರಣ್ಯಶಾಸ್ತ್ರದಲ್ಲಿ ಇದನ್ನೇ ಎದೆಮಟ್ಟದ ಸುತ್ತಳತೆ ಎನ್ನುತ್ತಾರೆ. ಉಪಯೋಗಕ್ಕೆ ಬರುವ ಕಾಂಡದ ಉದ್ದ 8 ಮೀಟರ್. ಆ ಕಾಂಡದ ನಡುಮಧ್ಯದಲ್ಲಿ ಸುತ್ತಳತೆ 100 ಸೆಂ.ಮೀ.

ನಡುವಿನ ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 12.57ರಿಂದ ಭಾಗಿಸಿದರೆ ದುಂಡು ದಿಮ್ಮಿಯ ವಾಸ್ತವ ಗಾತ್ರ ದೊರೆಯುತ್ತದೆ: 0.637 ಘನ ಮೀಟರ್, ಅಂದರೆ ಸುಮಾರು 22.5 ಘನ ಅಡಿ. ಟಿಂಬರ್ ಡಿಪೋಗಳಲ್ಲಿ ಬಳಕೆಯಲ್ಲಿರುವ ಕಾಲು ಸುತ್ತಳತೆಯ ಸೂತ್ರದಂತೆ, ಸುತ್ತಳತೆಯ ನಾಲ್ಕನೆಯ ಒಂದು ಭಾಗದ ವರ್ಗವನ್ನು ಉದ್ದದಿಂದ ಗುಣಿಸಿದರೆ ಬರುವುದು 0.5 ಘನ ಮೀಟರ್, ಅಂದರೆ 17.7 ಘನ ಅಡಿ. ಇನ್ನು ಮೇಲೆ ಹತ್ತುವ ಗೋಜಿಲ್ಲದೆ ಎದೆಮಟ್ಟದ ಸುತ್ತಳತೆಯನ್ನೇ ಇಡೀ ಕಾಂಡಕ್ಕೆ ಅನ್ವಯಿಸಿ ಮೊದಲ ಸೂತ್ರದಿಂದ ಲೆಕ್ಕ ಹಾಕಿದರೆ 32.4 ಘನ ಅಡಿ ಬರುತ್ತದೆ. ಘನ ಅಡಿಗೆ 500 ರೂ. ಎಂಬ ಒಂದು ಕಾಲ್ಪನಿಕ ದರ ಹಿಡಿದರೂ ಅದೇ ಮರದ ಬೆಲೆ 8,850 ರೂ., 11,250 ರೂ., 16,200 ರೂ. ಎಂದು ಮೂರು ಬಗೆಯಾಗುತ್ತದೆ. ಇಲ್ಲಿ ಯಾರೂ ಮೋಸ ಮಾಡಿಲ್ಲ. ಸೂತ್ರ ಮಾತ್ರ ಬದಲಾಗಿದೆ.

ಕಾಲು ಸುತ್ತಳತೆಯ ಸೂತ್ರ ತಪ್ಪು ಎಂದು ನನ್ನ ವಾದವಲ್ಲ. ಎಡ್ವರ್ಡ್ ಹಾಪಸ್ ಎಂಬ ಆಂಗ್ಲ ಮೋಜಣಿದಾರನು 1736ರಲ್ಲಿ ಪ್ರಕಟಿಸಿದ ಕೋಷ್ಟಕಗಳ ಮೂಲಕ ಈ ಪದ್ಧತಿ ಪ್ರಸಿದ್ಧವಾಯಿತು. ದುಂಡು ದಿಮ್ಮಿಯನ್ನು ಚೌಕ ಮಾಡುವಾಗ ಹೋಗುವ ಮರಕ್ಕೆ ಅದರಲ್ಲಿ ರಿಯಾಯಿತಿ ಅಡಗಿದೆ. ವಾಸ್ತವ ಗಾತ್ರದಲ್ಲಿ ನೂರಕ್ಕೆ 78.5 ಭಾಗವನ್ನಷ್ಟೇ ಅದು ತೋರಿಸುತ್ತದೆ. ತಾನು ಮಾರುತ್ತಿರುವುದು ಈ 78.5 ಭಾಗದ ಲೆಕ್ಕದಲ್ಲಿ ಎಂಬುದು ರೈತನಿಗೆ ತಿಳಿದಿದ್ದು, ದರವೂ ಅದಕ್ಕೆ ಹೊಂದಿದ್ದರೆ ಆಕ್ಷೇಪಿಸಲು ಏನೂ ಇಲ್ಲ. ಒಂದು ಸೂತ್ರದಿಂದ ಕೊಂಡು ಮತ್ತೊಂದರಿಂದ ಮಾರಿದಾಗ, ಅಥವಾ ದಾಸ್ತಾನು ಬರೆಯುವಾಗ ಎರಡನ್ನೂ ಬೆರೆಸಿದಾಗ ತೊಡಕು ಆರಂಭವಾಗುತ್ತದೆ.

ಸುತ್ತಳತೆಯನ್ನು ವರ್ಗ ಮಾಡುವುದರಿಂದ ಅದರಲ್ಲಾಗುವ ಸಣ್ಣ ತಪ್ಪು ಗಾತ್ರದಲ್ಲಿ ದೊಡ್ಡದಾಗುತ್ತದೆ. ಸುತ್ತಳತೆಯಲ್ಲಿ ನೂರಕ್ಕೆ ಹತ್ತು ಹೆಚ್ಚಾದರೆ ಗಾತ್ರದಲ್ಲಿ ಇಪ್ಪತ್ತೊಂದು ಹೆಚ್ಚಾಗುತ್ತದೆ. ತೊಗಟೆ ಒಂದು ಸೆಂ.ಮೀ. ದಪ್ಪವಿದ್ದರೆ 100 ಸೆಂ.ಮೀ. ಸುತ್ತಳತೆಯು ತೊಗಟೆ ಕಳೆದ ಮೇಲೆ 93.7 ಸೆಂ.ಮೀ.ಗೆ ಇಳಿಯುತ್ತದೆ, ಗಾತ್ರದಲ್ಲಿ ನೂರಕ್ಕೆ ಹನ್ನೆರಡು ಭಾಗ ಕಡಿಮೆಯಾಗುತ್ತದೆ. ಕಾಂಡದ ವ್ಯಾಸದ ಅರ್ಧದಷ್ಟು ಪೊಳ್ಳಿದ್ದರೆ ಆ ಭಾಗದಲ್ಲಿ ಕಾಲುಪಾಲು ಮರ ಇಲ್ಲವೆಂದೇ ಅರ್ಥ.

ತೂಕದ ವಿಚಾರ

ನೀಲಗಿರಿ, ಸೌದೆ ಮುಂತಾದವು ಟನ್ ಲೆಕ್ಕದಲ್ಲಿ ಮಾರಾಟವಾಗುತ್ತವೆ. ವೇಬ್ರಿಡ್ಜ್ ಇದ್ದ ಮೇಲೆ ವಿವಾದವೆಲ್ಲಿ ಎಂದು ಕೇಳಬಹುದು. ವೇಬ್ರಿಡ್ಜ್ ಮರವನ್ನು ತೂಗುವುದರ ಜೊತೆಗೆ ಅದರಲ್ಲಿರುವ ನೀರನ್ನೂ ತೂಗುತ್ತದೆ. ಮರದ ತೇವಾಂಶವನ್ನು ಪೂರ್ಣ ಒಣಗಿದ ಮರದ ತೂಕಕ್ಕೆ ಹೋಲಿಸಿ ಹೇಳುವುದು ವಾಡಿಕೆ. ನೂರಕ್ಕೆ 80 ತೇವಾಂಶವಿದ್ದಾಗ 10 ಟನ್ ತೂಗಿದ ಮಾಲು, ತೇವಾಂಶವು 50ಕ್ಕೆ ಇಳಿದಾಗ 8.33 ಟನ್ ಮಾತ್ರ ತೂಗುತ್ತದೆ. ಒಂದು ತುಂಡೂ ಕಳುವಾಗಿಲ್ಲ, ಆದರೆ ಆರನೆಯ ಒಂದು ಭಾಗ ತೂಕ ಮಾಯವಾಗಿದೆ. ಕಡಿದ ದಿನವೇ ತೂಗಿದರೆ ಕೊಳ್ಳುವವನು ನೀರಿಗೆ ಹಣ ಕೊಡುತ್ತಾನೆ. ಹೊಲದಲ್ಲಿ ವಾರಗಟ್ಟಲೆ ಬಿಟ್ಟು ತೂಗಿದರೆ ರೈತನಿಗೆ ಕಡಿಮೆಯಾಗುತ್ತದೆ. ಆದುದರಿಂದ ತೂಕದ ವ್ಯಾಪಾರದಲ್ಲಿ ಕಡಿದ ದಿನಾಂಕ, ತೂಗಿದ ದಿನಾಂಕ ಎರಡನ್ನೂ ಬರೆಯುವುದು ಅಗತ್ಯ.

ನಿಂತ ಮರದ ತೂಕವನ್ನು ಅಂದಾಜು ಮಾಡಲು ಮೊದಲು ಗಾತ್ರ ಬೇಕು. ಅದನ್ನು ಆ ಜಾತಿಯ ಸಾಂದ್ರತೆಯಿಂದ ಗುಣಿಸಬೇಕು. ಹಸಿ ನೀಲಗಿರಿಯನ್ನು ಘನ ಮೀಟರಿಗೆ ಸುಮಾರು ಒಂದು ಟನ್ ಎಂದು ಹಿಡಿಯಬಹುದು. ಚೆನ್ನಾಗಿ ಆರಿದ ತೇಗವು ಸುಮಾರು 650 ಕಿಲೋ ತೂಗುತ್ತದೆ. ಒಣಮರದ ಅಂಕಿಯನ್ನು ಹಿಡಿದು ಹಸಿಮರವನ್ನು ಲಾರಿಗೆ ಹೇರಿದರೆ ಮಿತಿ ಮೀರುವುದು ಖಂಡಿತ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು ಹೆಚ್ಚು ಹೊರೆಗೆ 20,000 ರೂ. ಹಾಗೂ ಹೆಚ್ಚುವರಿಯ ಪ್ರತಿ ಟನ್ನಿಗೆ 2,000 ರೂ. ದಂಡವನ್ನು ಗೊತ್ತುಪಡಿಸಿದೆ.

ಅಳೆಯುವುದು ಕಷ್ಟವೇ?

ಅಳತೆಗೆ ದುಬಾರಿ ಸಲಕರಣೆ ಬೇಕಿಲ್ಲ. ದರ್ಜಿಯ ಟೇಪು, ಒಂದು ನೇರ ಕೋಲು ಸಾಕು. ಕಣ್ಣಿನಿಂದ ಚಾಚಿದ ಕೈಗೆ ಇರುವ ದೂರದಷ್ಟೇ ಉದ್ದದ ಕೋಲನ್ನು ನೆಟ್ಟಗೆ ಹಿಡಿಯಬೇಕು. ಕೋಲಿನ ಕೆಳತುದಿ ಮರದ ಬುಡಕ್ಕೂ ಮೇಲ್ತುದಿ ಮೊದಲ ಕವಲಿಗೂ ಸರಿಹೊಂದುವವರೆಗೆ ಹಿಂದೆ ಸರಿಯಬೇಕು. ನೆಲ ಸಮವಾಗಿದ್ದರೆ, ನಿಂತ ಸ್ಥಳದಿಂದ ಮರಕ್ಕಿರುವ ದೂರವೇ ಕವಲಿನವರೆಗಿನ ಎತ್ತರ. ನಡುವಿನ ಸುತ್ತಳತೆಗೆ ಏಣಿ ಬೇಕು, ಇಲ್ಲವೆ ಮರ ಹತ್ತುವ ಕೆಲಸಗಾರ ಬೇಕು. ಕಡಿಯಲು ಬರುವವರಲ್ಲಿ ಒಬ್ಬರು ಈ ಕೆಲಸವನ್ನು ಕೆಲವೇ ನಿಮಿಷಗಳಲ್ಲಿ ಮಾಡಬಲ್ಲರು.

ತೋಪಿನಲ್ಲಿ ಪ್ರತಿ ಮರವನ್ನೂ ಹತ್ತಿ ಅಳೆಯುವುದು ಸಾಧ್ಯವಿಲ್ಲ. ಅಲ್ಲಿ ಎದೆಮಟ್ಟದ ಸುತ್ತಳತೆಯಂತೆ ಮರಗಳನ್ನು ನಾಲ್ಕಾರು ವರ್ಗಗಳಾಗಿ ವಿಂಗಡಿಸಿ, ಪ್ರತಿ ವರ್ಗದಿಂದ ಮೂರು ನಾಲ್ಕು ಮರಗಳನ್ನು ಇಬ್ಬರ ಸಮ್ಮುಖದಲ್ಲಿ ಕಡಿದು ತೂಗಿ, ಸರಾಸರಿಯನ್ನು ಉಳಿದವಕ್ಕೆ ಅನ್ವಯಿಸಬಹುದು. ಎಲ್ಲ ಮರಗಳ ಸುತ್ತಳತೆಯ ಸರಾಸರಿ ತೆಗೆದು ಅದನ್ನು ವರ್ಗ ಮಾಡುವ ತಪ್ಪನ್ನು ಮಾತ್ರ ಮಾಡಬಾರದು. 60 ಮತ್ತು 100 ಸೆಂ.ಮೀ.ಗಳ ಎರಡು ಮರಗಳನ್ನು 80ರ ಎರಡು ಮರಗಳೆಂದು ಹಿಡಿದರೆ ನೂರಕ್ಕೆ ಸುಮಾರು ಆರು ಭಾಗ ಮರ ಲೆಕ್ಕದಿಂದ ತಪ್ಪಿಹೋಗುತ್ತದೆ. ಜಾತಿವಾರು ಗಾತ್ರದ ಸಮೀಕರಣಗಳನ್ನು ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯು 1996ರಲ್ಲೇ ಪ್ರಕಟಿಸಿದೆ. ಸಂದೇಹ ಬಂದಾಗ ಕೇಳಲು ಮಲ್ಲೇಶ್ವರದಲ್ಲಿರುವ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ನಮಗೆ ದೂರವೇನಲ್ಲ.

ಲೆಕ್ಕಪುಸ್ತಕದ ದೃಷ್ಟಿಯಿಂದ

ಪ್ಯಾಕಿಂಗ್ ಪೆಟ್ಟಿಗೆ ತಯಾರಿಸುವ ನನ್ನ ಕಕ್ಷಿದಾರರೊಬ್ಬರು ನಿಂತ ಮರಗಳನ್ನು ಮೊತ್ತದ ಲೆಕ್ಕದಲ್ಲಿ ಕೊಳ್ಳುತ್ತಿದ್ದರು. ಬ್ಯಾಂಕಿಗೆ ಪ್ರತಿ ತಿಂಗಳೂ ಕೊಡುವ ದಾಸ್ತಾನು ಪಟ್ಟಿಯಲ್ಲಿ ಕೊಟ್ಟ ಹಣವನ್ನೇ ದಾಸ್ತಾನಿನ ಬೆಲೆಯೆಂದು ಬರೆಯುತ್ತಿದ್ದರು. ಬ್ಯಾಂಕಿನವರು ತಪಾಸಣೆಗೆ ಬಂದು ದಿಮ್ಮಿಗಳನ್ನು ಅಳೆದಾಗ ಪಟ್ಟಿಗೂ ಅಂಗಳಕ್ಕೂ ತಾಳೆಯಾಗಲಿಲ್ಲ. ಸಾಲ ಪಡೆಯುವ ಮಿತಿಯನ್ನು ಇಳಿಸಲಾಯಿತು. ಆ ತಿಂಗಳ ಕೂಲಿಗೆ ಅವರು ಕೈಸಾಲ ಮಾಡಬೇಕಾಯಿತು. ಮರ ಕಳುವಾಗಿರಲಿಲ್ಲ. ಕೊಳ್ಳುವಾಗಲೇ ಎಷ್ಟಿತ್ತೆಂಬುದು ಯಾರಿಗೂ ಗೊತ್ತಿರಲಿಲ್ಲ, ಅಷ್ಟೆ. ಆ ಪಟ್ಟಿಗಳನ್ನು ನೋಡಿದಾಗ ಪ್ರಶ್ನೆ ಕೇಳಬೇಕಾಗಿದ್ದವನು ನಾನು, ಕೇಳಲಿಲ್ಲ.

ತೆರಿಗೆಯ ದೃಷ್ಟಿಯಿಂದಲೂ ಚೀಟಿಗೆ ಮಹತ್ವವಿದೆ. ತನ್ನ ಜಮೀನಿನ ಬೆಳೆಯನ್ನಷ್ಟೇ ಮಾರುವ ಕೃಷಿಕನು ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ಆದ್ದರಿಂದ ಅವನಿಂದ ತೆರಿಗೆ ಬಿಲ್ಲು ಬರುವುದಿಲ್ಲ. ಕೊಂಡವನು ತಾನೇ ಬರೆದಿಟ್ಟ ಖರೀದಿ ಚೀಟಿಯೇ ಅವನಿಗೆ ಆಧಾರ. ಅದರಲ್ಲಿ ಗಾತ್ರವಿಲ್ಲದಿದ್ದರೆ ಎಷ್ಟು ದಿಮ್ಮಿಗೆ ಎಷ್ಟು ಹಲಗೆ ಬಂತೆಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಒಂದು ವ್ಯವಹಾರದಲ್ಲಿ ಎರಡು ಲಕ್ಷ ರೂ. ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಸ್ವೀಕರಿಸುವುದಕ್ಕೆ 2017ರಿಂದ ನಿರ್ಬಂಧವಿದೆ ಎಂಬುದನ್ನು ಮಾರುವ ರೈತರಿಗೂ ತಿಳಿಸುವುದು ಒಳಿತು.

ರೈತನಿಗೂ ಒಂದು ಮಾತು. 1957ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜಾ ಬಿನೋಯ್ ಕುಮಾರ್ ಸಹಾಸ್ ರಾಯ್ ಪ್ರಕರಣದಲ್ಲಿ, ಭೂಮಿಯನ್ನು ಹದಮಾಡಿ ನೆಟ್ಟು ಬೆಳೆಸಿದ ಮರಗಳಿಗೂ ತಾನಾಗಿ ಬೆಳೆದ ಮರಗಳಿಗೂ ವ್ಯತ್ಯಾಸವಿದೆಯೆಂದು ತೀರ್ಮಾನಿಸಿತು. ಮೊದಲಿನದು ಕೃಷಿ ಆದಾಯ, ಎರಡನೆಯದು ಅಲ್ಲ. ಯಾವ ಮರ ಯಾವ ಬಗೆಯದೆಂಬುದನ್ನು ಚೀಟಿಯಲ್ಲಿ ಬರೆದಿಟ್ಟರೆ ಮುಂದೆ ನೆರವಾಗುತ್ತದೆ. ಹಾಗೆಯೇ ಬೇಗನೆ ಕಡಿಯಲೆಂದು ಮಾರಿದ ನಾಟಾ ಮರವನ್ನು ಕಾನೂನು ಸ್ಥಿರಾಸ್ತಿಯೆಂದು ಎಣಿಸುವುದಿಲ್ಲ. ಇನ್ನೂ ವರ್ಷಗಟ್ಟಲೆ ನಿಂತು ಬೆಳೆಯಬೇಕಾದ ಮರದ ಮಾತು ಬೇರೆ. 1958ರ ಶಾಂತಾಬಾಯಿ ಪ್ರಕರಣದ ತೀರ್ಪಿನಲ್ಲಿ ಈ ಭೇದ ಸ್ಪಷ್ಟವಾಗಿದೆ. ಕಡಿಯಲು ಗಡುವು ಎಷ್ಟೆಂದು ಬರೆಯದ ಕರಾರು ವ್ಯಾಜ್ಯಕ್ಕೆ ದಾರಿ.

ರಸ್ತೆಗೋ ಕೈಗಾರಿಕಾ ಪ್ರದೇಶಕ್ಕೋ ಜಮೀನು ಹೋಗುವಾಗಲೂ ಇದೇ ಪ್ರಶ್ನೆ ಎದುರಾಗುತ್ತದೆ. 2013ರ ಭೂಸ್ವಾಧೀನ ಕಾಯಿದೆಯು ಮರಗಳ ಬೆಲೆ ಕಟ್ಟಲು ಅರಣ್ಯ, ತೋಟಗಾರಿಕೆಗಳಲ್ಲಿ ಅನುಭವವುಳ್ಳವರ ನೆರವು ಪಡೆಯಲು ಅವಕಾಶವಿತ್ತಿದೆ. ತನ್ನಲ್ಲಿ ಮೊದಲೇ ಅಳತೆಯಿರುವ ಮಾಲೀಕನು ಆ ಅಂಕಿಯನ್ನು ಪ್ರಶ್ನಿಸಬಲ್ಲನು. ಇಲ್ಲದವನು ಕೊಟ್ಟದ್ದನ್ನು ಪಡೆಯುತ್ತಾನೆ.

ಅನುಭವವೇ ಸಾಲದೇ?

ಮೂವತ್ತು ವರ್ಷ ಮರ ಕೊಂಡವರ ಕಣ್ಣಿಗಿಂತ ಟೇಪು ದೊಡ್ಡದೇ ಎಂದು ಹಿರಿಯ ವರ್ತಕರು ಕೇಳಬಹುದು. ಅವರ ಅನುಭವದ ಬಗ್ಗೆ ನನಗೆ ಗೌರವವಿದೆ. ಪೊಳ್ಳನ್ನು, ಚೇಗಿನ ಪ್ರಮಾಣವನ್ನು ಟೇಪು ಹೇಳಲಾರದು. ಅದಕ್ಕೆ ಅನುಭವವೇ ಬೇಕು. ಆದರೆ ಆ ಅನುಭವ ಮಗನಿಗೆ ತಾನಾಗಿ ಬರುವುದಿಲ್ಲ, ಬ್ಯಾಂಕಿಗೆ ಅದು ಆಧಾರವಾಗುವುದೂ ಇಲ್ಲ.

ನಾನು ವೃತ್ತಿ ಆರಂಭಿಸಿದ ಹೊಸತರಲ್ಲಿ, ಕುಣಿಗಲ್ ತಾಲ್ಲೂಕಿನ ನಮ್ಮ ಜಮೀನಿನಲ್ಲಿದ್ದ ನಾಲ್ಕು ಹಲಸಿನ ಮರಗಳನ್ನು ಮನೆಯ ಮದುವೆಯೊಂದರ ಖರ್ಚಿಗಾಗಿ ಮಾರಿದೆವು. ದಾಸ್ತಾನು ಮೌಲ್ಯಮಾಪನದ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಬಂದಿದ್ದ ನಾನು ತಂದೆಯವರ ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ. ಕಡಿದ ಮೇಲೆ ಒಂದು ಮರ ಪೊಳ್ಳೆಂದು ತಿಳಿಯಿತು. ವ್ಯಾಪಾರಿ ಮರಳಿ ಬಂದು ತಮಗೆ ನಷ್ಟವಾಯಿತೆಂದರು. ತಂದೆಯವರು ಮಾತಿಗೆ ಕುಂದು ಬರಬಾರದೆಂದು ಸ್ವಲ್ಪ ಹಣ ಹಿಂದಿರುಗಿಸಿದರು. ಉಳಿದ ಮೂರು ಮರಗಳಲ್ಲಿ ಎಷ್ಟು ದೊರೆಯಿತೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ವ್ಯಾಪಾರದಲ್ಲಿ ನಷ್ಟ ಯಾರದೆಂಬುದು ನನಗೆ ಇಂದಿಗೂ ತಿಳಿಯದು.

ಅಳತೆಯು ಕಡಿಯಬಾರದ ಮರವನ್ನು ಉಳಿಸುವುದೂ ಉಂಟು. ಗುಬ್ಬಿ ತಾಲ್ಲೂಕಿನ ಚೇಳೂರಿನ 'ಸಿದ್ದು' ಹಲಸಿನ ಮರ ನಮ್ಮ ಕಣ್ಣೆದುರಿಗಿದೆ. ಅದರ ಕಸಿ ಗಿಡಗಳಿಗಾಗಿ 2017ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬೆಳೆಗಾರರೊಡನೆ ಒಪ್ಪಂದ ಮಾಡಿಕೊಂಡಿತು. ನಾಟಾ ಬೆಲೆ ಎಷ್ಟೆಂದು ನಿಖರವಾಗಿ ತಿಳಿದಾಗಲೇ ಹಣ್ಣಿನ ಆದಾಯದೊಡನೆ ಅದನ್ನು ಹೋಲಿಸಲು ಸಾಧ್ಯ.

ನಮ್ಮ ಸಂಸ್ಥೆ ಮಾಡಬಹುದಾದದ್ದು

ನಮ್ಮ ವಾಣಿಜ್ಯ ಸಂಸ್ಥೆಯು ಒಂದು ಪುಟದ ಅಳತೆ ಚೀಟಿಯ ಮಾದರಿಯನ್ನು ಕನ್ನಡದಲ್ಲಿ ಮುದ್ರಿಸಿ ಸದಸ್ಯರಿಗೆ ಹಂಚಬೇಕೆಂದು ನನ್ನ ವಿನಂತಿ. ಅದರಲ್ಲಿ ಇರಬೇಕಾದದ್ದು ಇಷ್ಟು:

1. ಮರದ ಜಾತಿ, ಸರ್ವೆ ನಂಬರು, ನೆಟ್ಟದ್ದೋ ತಾನಾಗಿ ಬೆಳೆದದ್ದೋ ಎಂಬ ವಿವರ.
2. ಎದೆಮಟ್ಟದ ಹಾಗೂ ನಡುವಿನ ಸುತ್ತಳತೆ, ತೊಗಟೆ ಸೇರಿಸಿಯೋ ಕಳೆದೋ ಎಂಬ ಸೂಚನೆ, ಕಾಂಡದ ಉದ್ದ.
3. ಬಳಸಿದ ಸೂತ್ರ, ಗಾತ್ರವು ಘನ ಮೀಟರಿನಲ್ಲಿ. 2009ರ ಕಾನೂನು ಮಾಪನಶಾಸ್ತ್ರ ಕಾಯಿದೆಯಂತೆ ವ್ಯವಹಾರವು ಮೆಟ್ರಿಕ್ ಮಾನದಲ್ಲಿಯೇ ಇರಬೇಕು.
4. ತೂಕದ ವ್ಯಾಪಾರವಾದರೆ ಕಡಿದ ಮತ್ತು ತೂಗಿದ ದಿನಾಂಕಗಳು.
5. ಪೊಳ್ಳು ಕಂಡುಬಂದರೆ ನಷ್ಟ ಯಾರದು ಎಂಬ ಷರತ್ತು, ಕಡಿಯಲು ಗಡುವು.
6. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಡಿ ಅನುಮತಿ ಬೇಕೇ, ಸಾಗಣೆಗೆ ರಹದಾರಿ ಬೇಕೇ ಎಂಬುದು. ನೀಲಗಿರಿ, ಸಿಲ್ವರ್ ಓಕ್, ಸರ್ವೆ, ಸುಬಾಬುಲ್‌ಗಳಿಗೆ ಕಡಿಯುವ ಅನುಮತಿಯಿಂದ ವಿನಾಯಿತಿ ಇದೆ; ಉಳಿದವಕ್ಕೆ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಬೇಕು.
7. ಇಬ್ಬರ ಸಹಿ, ಇಬ್ಬರಿಗೂ ಒಂದೊಂದು ಪ್ರತಿ.

ಇದನ್ನು ತುಂಬಲು ಒಂದು ಮರಕ್ಕೆ ಹತ್ತು ನಿಮಿಷ ಸಾಕು. ಬೆಲೆಯ ಚೌಕಾಸಿ ಇದರಿಂದ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಆದರೆ ಚೌಕಾಸಿ ದರದ ಮೇಲೆ ನಡೆಯಲಿ, ಗಾತ್ರದ ಮೇಲೆ ಬೇಡ. ಮುಂದಿನ ಸಾಮಾನ್ಯ ಸಭೆಯಲ್ಲಿ ಸದಸ್ಯರು ಈ ವಿಷಯವನ್ನು ಚರ್ಚಿಸಿ ತೀರ್ಮಾನಿಸುವರೆಂದು ನಂಬಿದ್ದೇನೆ.