ಆಟಕ್ಕುಂಟು, ಲೆಕ್ಕಕ್ಕಿಲ್ಲ

ಮಂಗಳೂರನ್ನು ನಾವು ಆಸ್ಪತ್ರೆಗಳ ಊರು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೆಮ್ಮೆ ಸುಳ್ಳಲ್ಲ. ವೆನ್ಲಾಕ್ ಆಸ್ಪತ್ರೆಯ ಇತಿಹಾಸ 1848ರಷ್ಟು ಹಿಂದಕ್ಕೆ ಹೋಗುತ್ತದೆ. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಔಷಧ ಕೊಡಲು ಕುಳಿತದ್ದು 1880ರಲ್ಲಿ. ಇವತ್ತು ಊರಿನಲ್ಲಿ ಯಾವ ದಿಕ್ಕಿಗೆ ಬಸ್ಸು ಹತ್ತಿದರೂ ಒಂದು ಮೆಡಿಕಲ್ ಕಾಲೇಜಿನ ಬೋರ್ಡು ಕಾಣುತ್ತದೆ. ಕಾಸರಗೋಡಿನಿಂದಲೂ ಘಟ್ಟದ ಮೇಲಿನಿಂದಲೂ ರೋಗಿಗಳು ಇಲ್ಲಿಗೆ ಬರುತ್ತಾರೆ. ರಕ್ತದಲ್ಲಿ ಏನನ್ನಾದರೂ ಅಳೆಯಬೇಕೆಂದರೆ ಯಂತ್ರಕ್ಕೂ ಕೊರತೆಯಿಲ್ಲ, ಅದನ್ನು ಬಲ್ಲವರಿಗೂ ಕೊರತೆಯಿಲ್ಲ.

ಹಾಗಿದ್ದೂ ಡಯಾಲಿಸಿಸ್ ಮಾಡಿಸಿಕೊಳ್ಳುವವರ ಫೈಲಿನಲ್ಲಿ ಒಂದು ಅಂಕಿಗೆ ಜಾಗವೇ ಇರುವುದಿಲ್ಲ. ಅದು ಮೆಗ್ನೀಷಿಯಂ. ಅದನ್ನು ನಿಯಮಿತವಾಗಿ ಅಳೆಯಬೇಕು, ಅಳೆಯದೆ ಇರುವುದಕ್ಕೆ ಕೊಡುವ ಕಾರಣಗಳು ನಿಲ್ಲುವಂಥವಲ್ಲ ಎನ್ನುವುದು ನನ್ನ ವಾದ. ನಾನು ವೈದ್ಯನಲ್ಲ. ನಾಲ್ಕು ವರ್ಷಗಳಿಂದ ವಾರಕ್ಕೆ ಮೂರು ದಿನ ನನ್ನ ಚಿಕ್ಕಮ್ಮನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಿ, ನಾಲ್ಕು ಗಂಟೆ ಹೊರಗಿನ ಬೆಂಚಿನಲ್ಲಿ ಕೂತು, ಫೈಲು ಓದುವುದನ್ನು ಕಲಿತವನು.

ಆ ಫೈಲಿನಲ್ಲಿ ಯೂರಿಯಾ ಇದೆ, ಕ್ರಿಯಾಟಿನಿನ್ ಇದೆ, ಸೋಡಿಯಂ, ಪೊಟ್ಯಾಷಿಯಂ, ಹಿಮೋಗ್ಲೋಬಿನ್ ಇವೆ. ಕ್ಯಾಲ್ಸಿಯಂ ಮತ್ತು ರಂಜಕವೂ ಆಗಾಗ ಬರುತ್ತವೆ. ಚಿಕ್ಕಮ್ಮನಿಗೆ ರಾತ್ರಿ ಕಾಲು ಹಿಡಿದುಕೊಳ್ಳುವುದು, ಎದೆ ಡವಡವ ಎನ್ನುವುದು ಹೆಚ್ಚಾದಾಗ ಮೆಗ್ನೀಷಿಯಂ ನೋಡಬಹುದೇ ಎಂದು ಕೇಳಿದೆ. "ಅದು ಪ್ಯಾಕೇಜಲ್ಲಿ ಇಲ್ಲ ಅಣ್ಣ. ಡಾಕ್ಟ್ರು ಬರೆದು ಕೊಟ್ರೆ ಮಾಡುವ," ಎಂದರು ಅಲ್ಲಿನ ಟೆಕ್ನಿಶಿಯನ್. ಒಳ್ಳೆಯ ಹುಡುಗ, ಅವರದ್ದೇನೂ ತಪ್ಪಿಲ್ಲ. ಪ್ಯಾಕೇಜಿನಲ್ಲಿ ಇಲ್ಲದ್ದು ದೇಹದಲ್ಲಿಯೂ ಇಲ್ಲ ಎಂಬಂತೆ ನಡೆದುಕೊಳ್ಳುವ ವ್ಯವಸ್ಥೆಯ ಮೇಲೆ ನನ್ನ ಸಿಟ್ಟು.

ಯಾಕೆಂದರೆ ಮೆಗ್ನೀಷಿಯಂ ಅಲ್ಲಿಯೇ ಇತ್ತು. ಚಿಕ್ಕಮ್ಮನ ಯಂತ್ರದ ಪಕ್ಕದ ಕ್ಯಾನಿನ ಮೇಲೆ ಅದರ ಹೆಸರು ಅಚ್ಚಾಗಿತ್ತು.

ಡಯಾಲಿಸಿಸ್ ಎಂದರೆ ರಕ್ತ ತೊಳೆಯುವುದು ಎಂದಷ್ಟೇ ನಾವು ತಿಳಿದಿರುತ್ತೇವೆ. ಆದರೆ ತೊಳೆಯುವ ನೀರು ಬರಿಯ ನೀರಲ್ಲ. ಶುದ್ಧೀಕರಿಸಿದ ನೀರಿಗೆ ಎರಡು ಸಾಂದ್ರ ದ್ರಾವಣಗಳನ್ನು ಬೆರೆಸುತ್ತಾರೆ. 'ಪಾರ್ಟ್ ಎ' ಎಂಬ ಕ್ಯಾನಿನಲ್ಲಿ ಉಪ್ಪು, ಪೊಟ್ಯಾಷಿಯಂ, ಕ್ಯಾಲ್ಸಿಯಂಗಳ ಜತೆ ಮೆಗ್ನೀಷಿಯಂ ಕ್ಲೋರೈಡ್ ಕೂಡ ಇರುತ್ತದೆ. ಸಾಮಾನ್ಯವಾಗಿ ಬೆರೆತ ದ್ರಾವಣದಲ್ಲಿ ಲೀಟರಿಗೆ 0.5 ಮಿಲಿಮೋಲ್ ಮೆಗ್ನೀಷಿಯಂ ಸಿಗುವಂತೆ ಅದನ್ನು ತಯಾರಿಸಿರುತ್ತಾರೆ. 0.25 ಇರುವುದೂ ಉಂಟು, 0.75 ಇರುವುದೂ ಉಂಟು. ನಿಮಿಷಕ್ಕೆ 500 ಮಿಲಿಲೀಟರಿನಂತೆ ನಾಲ್ಕು ಗಂಟೆ ಹರಿದರೆ ಒಂದು ಸರದಿಗೆ 120 ಲೀಟರ್. ವಾರಕ್ಕೆ 360 ಲೀಟರ್. ಅಷ್ಟು ದ್ರಾವಣ ತೆಳುವಾದೊಂದು ಪೊರೆಯ ಆಚೆ ಹರಿಯುತ್ತಿರುವಾಗ, ಈಚೆಯ ರಕ್ತದಲ್ಲಿ ಮೆಗ್ನೀಷಿಯಂ ಏರಬೇಕೋ ಇಳಿಯಬೇಕೋ ಎನ್ನುವುದನ್ನು ಬಹುಮಟ್ಟಿಗೆ ಆ ಕ್ಯಾನ್ ನಿರ್ಧರಿಸುತ್ತದೆ.

ನನಗೂ ನಿಮಗೂ ಇದನ್ನು ಮೂತ್ರಪಿಂಡ ನೋಡಿಕೊಳ್ಳುತ್ತದೆ. ಹೆಚ್ಚಾದರೆ ಹೊರಗೆ ಹಾಕುತ್ತದೆ, ಕಡಿಮೆಯಾದರೆ ಹಿಡಿದಿಟ್ಟುಕೊಳ್ಳುತ್ತದೆ. ಮೂತ್ರಪಿಂಡ ಸೋತವರಿಗೆ ಆ ಕಾವಲುಗಾರನಿಲ್ಲ. ಕಾವಲಿನ ಕೆಲಸವನ್ನು ನಾವು ಕೈಗೆತ್ತಿಕೊಂಡಿದ್ದೇವೆ. ನಾವೇ ಸುರಿಯುವುದನ್ನು ನಾವೇ ಅಳೆಯಬೇಕಾದದ್ದು ಔದಾರ್ಯವಲ್ಲ, ಕರ್ತವ್ಯ. ಮಕ್ಕಳ ಆಟದಲ್ಲಿ ಚಿಕ್ಕವನೊಬ್ಬನನ್ನು ಸೇರಿಸಿಕೊಂಡು 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎನ್ನುತ್ತಿದ್ದೆವಲ್ಲ, ಮೆಗ್ನೀಷಿಯಂನ ಸ್ಥಿತಿ ಅದು. ಕ್ಯಾನಿನಲ್ಲಿ ಉಂಟು, ರಿಪೋರ್ಟಿನಲ್ಲಿ ಇಲ್ಲ.

ಇದು ಮಂಗಳೂರಿನ ಉದಾಸೀನ ಮಾತ್ರ ಅಲ್ಲ. ಮೂತ್ರಪಿಂಡದ ಕಾಯಿಲೆಯಲ್ಲಿ ಎಲುಬು ಮತ್ತು ಖನಿಜಗಳ ಬಗ್ಗೆ ಜಗತ್ತಿನ ವೈದ್ಯರು ನೋಡುವ ಕೆಡಿಗೋ ಮಾರ್ಗಸೂಚಿ 2009ರಲ್ಲಿ ಬಂತು, 2017ರಲ್ಲಿ ಪರಿಷ್ಕೃತವಾಯಿತು. ಡಯಾಲಿಸಿಸ್‌ನಲ್ಲಿರುವವರ ಕ್ಯಾಲ್ಸಿಯಂ, ರಂಜಕಗಳನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ ನೋಡಬೇಕೆಂದು ಅದು ಹೇಳುತ್ತದೆ. ಆ ಪಟ್ಟಿಯಲ್ಲಿ ಮೆಗ್ನೀಷಿಯಂ ಇಲ್ಲ. ಮೇಲಿನವರು ಕೇಳಲಿಲ್ಲ, ಆದ್ದರಿಂದ ಕೆಳಗಿನವರು ಅಳೆಯಲಿಲ್ಲ.

ಆದರೆ ನಮ್ಮ ಊರಿಗೆ ನಮ್ಮದೇ ಕಾರಣಗಳಿವೆ. ಮೊದಲನೆಯದು ಊಟ. ಡಯಾಲಿಸಿಸ್ ಶುರುವಾದ ದಿನವೇ ಮನೆಯವರ ಕೈಗೆ ಪಥ್ಯದ ಚೀಟಿ ಬರುತ್ತದೆ. ಪೊಟ್ಯಾಷಿಯಂ ಏರಬಾರದು, ಆದ್ದರಿಂದ ಬೊಂಡ ಬೇಡ, ಬಾಳೆಹಣ್ಣು ಬೇಡ. ಬಸಳೆ, ಹರಿವೆ ಕಡಿಮೆ ಮಾಡಿ, ತರಕಾರಿಯನ್ನು ಬೇಯಿಸಿ ನೀರು ಚೆಲ್ಲಿ. ರಂಜಕ ಏರಬಾರದು, ಆದ್ದರಿಂದ ಹುರುಳಿ, ಹೆಸರು, ಗೋಡಂಬಿಗೂ ಮಿತಿ. ಈ ಪಥ್ಯ ಜೀವ ಉಳಿಸುತ್ತದೆ, ಅದನ್ನು ಮುರಿಯಿರಿ ಎಂದು ನಾನು ಹೇಳುತ್ತಿಲ್ಲ. ಆದರೆ ಸೊಪ್ಪು, ಕಾಳು, ಬೀಜಗಳೇ ಮೆಗ್ನೀಷಿಯಂನ ಮುಖ್ಯ ಮೂಲಗಳು. ಒಂದನ್ನು ಚೆಲ್ಲುವಾಗ ಇನ್ನೊಂದೂ ಚೆಲ್ಲಿ ಹೋಗುತ್ತದೆ. ಚೆಲ್ಲಿದ ಮೇಲೆ ಎಷ್ಟು ಉಳಿಯಿತು ಎಂದು ಪೊಟ್ಯಾಷಿಯಂ ಒಂದನ್ನೇ ನೋಡಿದರೆ ಸಾಕೇ?

ಎರಡನೆಯದು ಮಾತ್ರೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ 'ಗ್ಯಾಸಿನ ಮಾತ್ರೆ' ಇಲ್ಲದ ಔಷಧಿ ಡಬ್ಬಿ ನಮ್ಮಲ್ಲಿ ಅಪರೂಪ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜಾತಿಯ ಈ ಮಾತ್ರೆಗಳನ್ನು ದೀರ್ಘಕಾಲ ತೆಗೆದುಕೊಂಡರೆ ರಕ್ತದ ಮೆಗ್ನೀಷಿಯಂ ಇಳಿಯಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲಿಯೇ ಎಚ್ಚರಿಸಿತ್ತು. ಇದಕ್ಕೆ ಉಲ್ಟಾ ಹೊಡೆಯುವುದು ಹೊಟ್ಟೆ ಉರಿಗೆ ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗುವ ಸಿರಪ್ಪುಗಳು. ಅವುಗಳಲ್ಲಿ ಹಲವಕ್ಕೆ ಮೆಗ್ನೀಷಿಯಂ ಹೈಡ್ರಾಕ್ಸೈಡೇ ಮುಖ್ಯ ಸರಕು. ಹೀಗೆ ಒಂದೇ ಮನೆಯಲ್ಲಿ ಒಂದು ಔಷಧಿ ಕೆಳಗೆಳೆಯುತ್ತದೆ, ಇನ್ನೊಂದು ಮೇಲೆ ತಳ್ಳುತ್ತದೆ. ತೀರಾ ಇಳಿದರೆ ಹೃದಯದ ಲಯ ತಪ್ಪಬಹುದು. ತೀರಾ ಏರಿದರೆ ಸ್ನಾಯುಗಳು ಸೋತು, ರಕ್ತದೊತ್ತಡ ಕುಸಿದು, ಹೃದಯ ನಿಧಾನವಾಗಬಹುದು. ಎರಡೂ ಕಡೆ ಮೊದಲು ಕಾಣುವುದು ಸುಸ್ತು ಮತ್ತು ವಾಕರಿಕೆ. ಡಯಾಲಿಸಿಸ್ ರೋಗಿಗೆ ಸುಸ್ತು ಎಂದರೆ ಯಾರು ಕಿವಿ ನಿಮಿರಿಸುತ್ತಾರೆ?

ಮೂರನೆಯದು ನೀರು. 2016, 2019 ಮತ್ತು 2023ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೇತ್ರಾವತಿ ಇಳಿದು ನಗರಕ್ಕೆ ರೇಷನ್ ನೀರು ಬಂದದ್ದು ನೆನಪಿರಬಹುದು. ಅಂಥ ದಿನಗಳಲ್ಲಿ ಊರು ಟ್ಯಾಂಕರ್ ಮತ್ತು ಬೋರ್‌ವೆಲ್ ನೀರನ್ನು ನೆಚ್ಚಿಕೊಳ್ಳುತ್ತದೆ. ಕಡಲ ಬದಿಯ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ನುಗ್ಗುವುದು ಇಲ್ಲಿನವರಿಗೆ ಹೊಸತಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 1,300 ಮಿಲಿಗ್ರಾಂ ಮೆಗ್ನೀಷಿಯಂ ಇರುತ್ತದೆ. ಡಯಾಲಿಸಿಸ್‌ಗೆ ಬಳಸುವ ಶುದ್ಧ ನೀರಿನಲ್ಲಿ ಅದು ಲೀಟರಿಗೆ 4 ಮಿಲಿಗ್ರಾಂ ಮೀರಬಾರದು. ನಡುವೆ ನಿಂತು ಕಾಯುವುದು ಆರ್‌ಒ ಘಟಕದ ಪೊರೆಗಳು. ನೀರಿನ ಶುದ್ಧೀಕರಣ ಕೈಕೊಟ್ಟಾಗ ಕ್ಯಾಲ್ಸಿಯಂ, ಮೆಗ್ನೀಷಿಯಂ ಎರಡೂ ಏರಿ ರೋಗಿಗಳು ವಾಂತಿ, ನಿತ್ರಾಣ, ಏರಿದ ರಕ್ತದೊತ್ತಡದಿಂದ ನರಳಿದ್ದನ್ನು ಅಮೆರಿಕದ ವೈದ್ಯರು 1967ರಲ್ಲಿಯೇ 'ಗಡಸು ನೀರಿನ ಕಾಯಿಲೆ' ಎಂದು ದಾಖಲಿಸಿದ್ದಾರೆ. ಯಂತ್ರ ತಾನೇ ಎಚ್ಚರಿಸುತ್ತದೆ ಎನ್ನಬೇಡಿ. ಅದು ನೋಡುವುದು ದ್ರಾವಣದ ಒಟ್ಟು ವಿದ್ಯುತ್ ವಾಹಕತೆಯನ್ನು. ಅದರಲ್ಲಿ ಸೋಡಿಯಂನದ್ದೇ ದೊಡ್ಡ ದನಿ. ಮೆಗ್ನೀಷಿಯಂ ಇಮ್ಮಡಿಯಾದರೂ ಆ ಗದ್ದಲದಲ್ಲಿ ಕೇಳಿಸುವುದಿಲ್ಲ.

ಈಗ ಎದುರಾಳಿಗಳ ಮಾತು ಕೇಳೋಣ. ಅವರ ಮೊದಲ ಆಕ್ಷೇಪ ಗಟ್ಟಿಯಾದದ್ದು. ದೇಹದಲ್ಲಿರುವ ಸುಮಾರು 25 ಗ್ರಾಂ ಮೆಗ್ನೀಷಿಯಂನಲ್ಲಿ ಅರ್ಧಕ್ಕಿಂತ ಹೆಚ್ಚು ಎಲುಬಿನಲ್ಲಿದೆ, ಉಳಿದದ್ದರಲ್ಲಿ ಬಹುಪಾಲು ಜೀವಕೋಶಗಳ ಒಳಗಿದೆ. ರಕ್ತದಲ್ಲಿ ಇರುವುದು ನೂರರಲ್ಲಿ ಒಂದು ಪಾಲು. ಆ ಒಂದು ಪಾಲು ಅಳೆದು ಏನು ತಿಳಿಯುತ್ತದೆ? ನಿಜ, ಎಲ್ಲವೂ ತಿಳಿಯುವುದಿಲ್ಲ. ಆದರೆ ಪೊಟ್ಯಾಷಿಯಂ ಕೂಡ ಬಹುಪಾಲು ಜೀವಕೋಶಗಳ ಒಳಗೇ ಇದೆ. ರಕ್ತದಲ್ಲಿರುವ ಚೂರನ್ನು ಅಳೆದೇ ಅದನ್ನು ನಾವು ನಂಬಿಕೊಂಡಿದ್ದೇವೆ. ಮೆಗ್ನೀಷಿಯಂಗೆ ಮಾತ್ರ ಬೇರೆ ನ್ಯಾಯ ಯಾಕೆ?

ಎರಡನೆಯದು ಪುರಾವೆಯ ಪ್ರಶ್ನೆ. ಜಪಾನಿನ 1,42,555 ಡಯಾಲಿಸಿಸ್ ರೋಗಿಗಳ ಅಂಕಿಅಂಶ 2014ರಲ್ಲಿ 'ಕಿಡ್ನಿ ಇಂಟರ್‌ನ್ಯಾಷನಲ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಮೆಗ್ನೀಷಿಯಂ ಕಡಿಮೆ ಇದ್ದವರಲ್ಲಿ ಸಾವು ಹೆಚ್ಚಿತ್ತು, ತೀರಾ ಹೆಚ್ಚು ಇದ್ದವರಲ್ಲಿಯೂ ಹೆಚ್ಚಿತ್ತು. ಸಾವು ಅತಿ ಕಡಿಮೆ ಇದ್ದದ್ದು ಆರೋಗ್ಯವಂತರ ಮಿತಿಗಿಂತ ತುಸು ಮೇಲೆ. ಕಡಿಮೆ ಮೆಗ್ನೀಷಿಯಂ ಸಾವಿಗೆ ಕಾರಣವೋ, ಸೊರಗಿದ ದೇಹದ ಲಕ್ಷಣವೋ ಎನ್ನುವುದು ಇಂಥ ಲೆಕ್ಕದಿಂದ ಇತ್ಯರ್ಥವಾಗುವುದಿಲ್ಲ ಎಂದು ಟೀಕಾಕಾರರು ಹೇಳುತ್ತಾರೆ. ಒಪ್ಪುತ್ತೇನೆ. ಆದರೆ ಲಕ್ಷಣವೇ ಆಗಿದ್ದರೂ ಅದನ್ನು ನೋಡಬೇಡವೇ? ಈ ಮನುಷ್ಯ ಸರಿಯಾಗಿ ಉಣ್ಣುತ್ತಿಲ್ಲ, ಸೊರಗುತ್ತಿದ್ದಾನೆ ಎಂದು ಒಂದು ಅಂಕಿ ಹೇಳುವುದಾದರೆ ಅದಕ್ಕಿಂತ ಅಗ್ಗದ ದೂತ ಎಲ್ಲಿ ಸಿಗುತ್ತಾನೆ?

ಮೂರನೆಯದು ಖರ್ಚು. 2016-17ರ ಕೇಂದ್ರ ಬಜೆಟ್ಟಿನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾದ ಮೇಲೆ ಬಡವರಿಗೂ ಯಂತ್ರ ಹತ್ತಿರವಾಗಿದೆ, ಅದು ಸಣ್ಣ ಮಾತಲ್ಲ. ಆದರೆ ಕ್ಯಾಲ್ಸಿಯಂಗೆಂದು ತೆಗೆದ ಅದೇ ಸೀರಮ್ಮಿನಲ್ಲಿ, ಹಲವು ಲ್ಯಾಬುಗಳಲ್ಲಿ ಅದೇ ಯಂತ್ರದಲ್ಲಿ, ಇನ್ನೊಂದು ರಾಸಾಯನಿಕ ಹಾಕಿದರೆ ಮೆಗ್ನೀಷಿಯಂ ಸಿಗುತ್ತದೆ. ಹೊಸದಾಗಿ ಸೂಜಿ ಚುಚ್ಚಬೇಕಿಲ್ಲ. ಒಬ್ಬರಿಗೆ ವರ್ಷಕ್ಕೆ ನಾಲ್ಕು ಸಲ ಮಾಡಿದರೆ ವರ್ಷದ 156 ಡಯಾಲಿಸಿಸ್‌ಗಳ ಖರ್ಚಿನ ಮುಂದೆ ಅದು ಲೆಕ್ಕಕ್ಕೆ ಬರುವ ಮೊತ್ತವಲ್ಲ.

ಚಿಕ್ಕಮ್ಮನ ರಕ್ತವನ್ನು ಕೊನೆಗೆ ಹೊರಗಿನ ಲ್ಯಾಬಿನಲ್ಲಿ ನಾವೇ ದುಡ್ಡು ಕೊಟ್ಟು ನೋಡಿಸಿದೆವು. ಡೆಸಿಲೀಟರಿಗೆ 1.5 ಮಿಲಿಗ್ರಾಂ ಇತ್ತು, ಲ್ಯಾಬಿನ ಕೆಳಮಿತಿ 1.7. ಕಾಲು ಹಿಡಿದುಕೊಳ್ಳುವುದಕ್ಕೆ ಅದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಆ ಅಂಕಿ ನೋಡಿದ ಮೇಲೆ ವೈದ್ಯರು ಮೂರು ವರ್ಷಗಳಿಂದ ನಡೆಯುತ್ತಿದ್ದ ಗ್ಯಾಸಿನ ಮಾತ್ರೆ ಬೇಕೇ ಎಂದು ಮೊದಲ ಸಲ ಕೇಳಿದರು, ನಿಲ್ಲಿಸಿದರು. ಅಂಕಿ ಮಾಡಿದ್ದು ಅಷ್ಟೇ, ಒಂದು ಪ್ರಶ್ನೆ ಹುಟ್ಟಿಸಿತು. ಹೊರಗೆ ದುಡ್ಡು ಕೊಡಲಾಗದವರಿಗೆ ಆ ಪ್ರಶ್ನೆ ಹುಟ್ಟುವುದು ಯಾವಾಗ?

ಆದ್ದರಿಂದ ನನ್ನ ಬೇಡಿಕೆಗಳು ಇವು. ಡಯಾಲಿಸಿಸ್ ಶುರುಮಾಡುವಾಗ ಒಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಮೆಗ್ನೀಷಿಯಂ ನೋಡಿ. ಕ್ಯಾನಿನ ಕಂಪನಿ ಬದಲಾದರೆ, ಗ್ಯಾಸಿನ ಮಾತ್ರೆ ಹೊಸದಾಗಿ ಸೇರಿದರೆ, ಭೇದಿ ವಾರಗಟ್ಟಲೆ ನಿಲ್ಲದಿದ್ದರೆ, ಎದೆಬಡಿತ ತಪ್ಪಿದರೆ ಮತ್ತೆ ನೋಡಿ. ದ್ರಾವಣದಲ್ಲಿ ಯಾವುದು ಎಷ್ಟಿದೆ, ಆರ್‌ಒ ನೀರಿನ ಕೊನೆಯ ಪರೀಕ್ಷೆ ಯಾವ ತಾರೀಕಿನದು ಎನ್ನುವುದನ್ನು ಗೋಡೆಯ ಮೇಲೆ ಕನ್ನಡದಲ್ಲಿ ಬರೆದು ಹಾಕಿ.

ಸಾಹಿತ್ಯದ ಪತ್ರಿಕೆಯಲ್ಲಿ ಈ ಮಾತು ಯಾಕೆ ಎಂದು ಓದುಗ ವಿದ್ಯಾರ್ಥಿಗಳು ಕೇಳಬಹುದು. ಯಾರನ್ನು ಲೆಕ್ಕಕ್ಕೆ ಹಿಡಿಯಲಾಗುತ್ತದೆ, ಯಾರನ್ನು ಬಿಡಲಾಗುತ್ತದೆ ಎಂದು ನೀವು ಕತೆ, ಕಾದಂಬರಿಗಳಲ್ಲಿ ಹುಡುಕುತ್ತೀರಿ. ಅದೇ ಪ್ರಶ್ನೆಯನ್ನು ರಕ್ತಪರೀಕ್ಷೆಯ ಒಂದು ಹಾಳೆಗೂ ಕೇಳಬಹುದು. ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಡಯಾಲಿಸಿಸ್‌ಗೆ ಹೋಗುವವರಿದ್ದರೆ ಅವರ ಫೈಲು ತೆಗೆದು ನೋಡಿ. ಮೆಗ್ನೀಷಿಯಂ ಎಂಬ ಪದ ಸಿಗದಿದ್ದರೆ ಮುಂದಿನ ಸರದಿಗೆ ಜತೆಗೆ ಹೋಗಿ ಕೇಳಿ. ಪ್ಯಾಕೇಜಿನಲ್ಲಿ ಇಲ್ಲ ಎಂದರೆ, ಪ್ಯಾಕೇಜು ಬರೆದವರು ಯಾರು ಎಂದು ಕೇಳಿ.